ಗಾಂಧಾರಿ, ಹುಬ್ಬಳ್ಳಿ

ನನ್ನ ಸೋದರಮಾವ ಮುಂಬಯಿಯ ಪರೇಲಿನ ಬಟ್ಟೆ ಗಿರಣಿಯೊಂದರ ಸಾಂಚಾ ಖಾತೆಯಲ್ಲಿದ್ದ. ವರ್ಷಗಟ್ಟಲೆ ಮಗ್ಗಗಳ ನಡುವೆ ನಿಂತು ಕಿವಿ ಮಂದವಾಗಿತ್ತು. ಅವನ ಜೊತೆ ಮಾತಾಡಬೇಕಾದರೆ ನಾವು ದನಿ ಏರಿಸಲೇಬೇಕು. ಆದರೆ ಹಾಡು ಮಾತ್ರ ಅವನಿಗೆ ಸಣ್ಣ ದನಿಯಲ್ಲೂ ಕೇಳಿಸುತ್ತಿತ್ತು. ಪಾಳಿ ಮುಗಿಸಿ ಬಂದವನು ಮೈಮೇಲಿನ ಹತ್ತಿಯ ಎಳೆ ಕೊಡವಿಕೊಂಡು, ಚಾ ಕುಡಿದು, ಮಂಚದ ಕೆಳಗಿನಿಂದ ಕೀಲಿ ಕೊಡುವ ಗ್ರಾಮೋಫೋನನ್ನು ಎಳೆದು ಕೂತರೆ ಆಯಿತು. ಅತ್ತೆ ಊಟಕ್ಕೆ ಕರೆದು ಕರೆದು ಸಾಕಾಗುತ್ತಿದ್ದಳು.

ನಾನು ಮಾವನ ಚಾಳಿನಲ್ಲಿದ್ದು ಮುನಸಿಪಾಲ್ಟಿಯ ಕನ್ನಡ ಶಾಲೆಗೆ ಹೋಗುತ್ತಿದ್ದೆ. ಎಪ್ಪತ್ತರ ದಶಕ. ಗಿರಣಿಗಳ ಭೋಂಗಾ ಇನ್ನೂ ಕೂಗುತ್ತಿತ್ತು. ಸುತ್ತ ಕೊಂಕಣದವರು, ಘಟ್ಟದ ಮೇಲಿನ ಮರಾಠಿಗರು, ತೆಲುಗಿನ ಪದ್ಮಶಾಲಿಗಳು. ನಡುವೆ ನಾವು ನಾಲ್ಕಾರು ಕನ್ನಡದ ಮನೆಯವರು. ಮೂಲೆಯ ಹೋಟೆಲಿನ ಭಟ್ಟರು ದಕ್ಷಿಣ ಕನ್ನಡದ ಕಡೆಯವರು. ಕೊನೆಯ ಖೋಲಿಯಲ್ಲಿ ಒಬ್ಬ ಅಜ್ಜ, ಒಂದು ಕಾಲಕ್ಕೆ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿದವರು. ಎಲ್ಲರ ಬಾಯಲ್ಲೂ ಅವರು ಪೇಟಿ ಮಾಸ್ತರು.

ಪರೇಲ್ ಎಂದರೆ ಈಗಿನವರಿಗೆ ಗಾಜಿನ ಗೋಪುರಗಳು ಕಾಣುತ್ತವೆ. ನಮಗೆ ಅದು ಗಿರಣಿ, ಕೆಇಎಂ ಆಸ್ಪತ್ರೆ, ದಾಮೋದರ ನಾಟ್ಯಗೃಹ, ಮತ್ತೆ ರಾಜಕಮಲ್ ಸ್ಟುಡಿಯೋ. ವಾಡಿಯಾ ಮನೆತನದ ಲವ್ಜಿ ಕ್ಯಾಸಲಿನಲ್ಲಿ ಮೊದಲು ವಾಡಿಯಾ ಮೂವಿಟೋನ್ ಇತ್ತು, 1942ರಲ್ಲಿ ವಿ. ಶಾಂತಾರಾಮ್ ಅಲ್ಲಿ ರಾಜಕಮಲ್ ಕಲಾಮಂದಿರ ಕಟ್ಟಿದರು. 'ಝನಕ್ ಝನಕ್ ಪಾಯಲ್ ಬಾಜೇ' ಅವರದೇ ಚಿತ್ರ, 1955ರದು. ಅದರ ಶೀರ್ಷಿಕೆ ಗೀತೆ ಹಾಡಿದವರು ಉಸ್ತಾದ್ ಅಮೀರ್ ಖಾನ್. 1964ರ 'ಗೀತ್ ಗಾಯಾ ಪತ್ಥರೋಂ ನೇ' ಚಿತ್ರಕ್ಕೆ ಕಿಶೋರಿ ಅಮೋಣಕರ್ ಹಾಡಿದರು. ಆ ಗೇಟಿನ ಮುಂದೆ ಹಾಯುವಾಗೆಲ್ಲ ಮಾವ ನಡಿಗೆ ನಿಧಾನ ಮಾಡುತ್ತಿದ್ದ. ಒಳಗೆ ಹೋಗುವ ಭಾಗ್ಯ ನಮ್ಮಂಥವರಿಗೆ ಎಲ್ಲಿಯದು?

ಮಾವನ ಪ್ಲೇಟುಗಳೆಲ್ಲ ಚೋರ್ ಬಜಾರಿನವು. ಪಗಾರದ ಮರುದಿನ ಹೋಗಿ ಹಳೇ ಪ್ಲೇಟಿನ ಗುಡ್ಡೆಯೊಳಗೆ ಕೈಹಾಕುತ್ತಿದ್ದ. ಇಂಗ್ಲಿಷ್ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವಷ್ಟು ಬರುತ್ತಿತ್ತು. ಹಾಗೆ ಓದುತ್ತಿದ್ದಾಗ ಒಂದು ದಿನ ನಾಯಿಯ ಚಿತ್ರದ ಎಚ್‌ಎಂವಿ ಪ್ಲೇಟೊಂದರ ಮೇಲೆ 'ಹುಬ್ಬಳ್ಳಿ' ಎಂಬ ಹೆಸರು ಕಂಡಿತು. ಹಾಡಿದವಳು ಗಾಂಧಾರಿ. ಯಾವ ಗಾಂಧಾರಿಯೋ ಅವನಿಗೆ ತಿಳಿಯದು. ಊರಿನ ಹೆಸರು ಇದೆಯಲ್ಲ, ಅಷ್ಟೇ ಸಾಕಾಗಿ ಅದನ್ನು ಅರಿವೆಯಲ್ಲಿ ಸುತ್ತಿಕೊಂಡು ಬಂದ.

ಇನ್ನು ಆ ಪ್ಲೇಟು ಕೇಳಿದ ಒಂದು ರಾತ್ರಿಯ ಮಾತು. ಜುಲೈ ತಿಂಗಳ ಶನಿವಾರ. ಮಧ್ಯಾಹ್ನದಿಂದ ಮಳೆ ಹಿಡಿದು ಹಿಂದ್‌ಮಾತಾ ನಾಕೆಯಲ್ಲಿ ಸೊಂಟದವರೆಗೆ ನೀರು. ಬಸ್ಸಿಲ್ಲ, ರೈಲಿಲ್ಲ, ಕರೆಂಟೂ ಹೋಯಿತು. ಹೋಟೆಲು ಮುಚ್ಚಿ ಭಟ್ಟರು ಮೇಲೆ ಬಂದರು. ಅತ್ತೆ ಶೇಗಡಿಗೆ ಇದ್ದಿಲು ತುಂಬಿ ನಡುಮನೆಯಲ್ಲಿಟ್ಟಳು. ಒದ್ದೆ ಬಟ್ಟೆಯೆಲ್ಲ ಅದರ ಸುತ್ತ, ನಾವೂ ಅದರ ಸುತ್ತ. ಜನ ಸೇರಿದ್ದು ಬರೀ ಮಳೆಗೆ ಅಲ್ಲ. ಆಕಾಶವಾಣಿ 1952ರಿಂದ ಶನಿವಾರ ರಾತ್ರಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಕೊಡುತ್ತ ಬಂದಿತ್ತು. ಆ ರಾತ್ರಿ ಗಂಗೂಬಾಯಿ ಹಾನಗಲ್ ಅವರ ಗಾಯನವಿದೆ ಎಂದು ಮಾವ ಎರಡು ದಿನದಿಂದ ಚಾಳಿಗೆಲ್ಲ ಹೇಳಿಕೊಂಡು ಬಂದಿದ್ದ. ಟ್ರಾನ್ಸಿಸ್ಟರಿಗೆ ಹೊಸ ಸೆಲ್ಲೂ ಹಾಕಿಸಿದ್ದ.

ಹೊತ್ತು ಇನ್ನೂ ಇತ್ತು. "ಅಲ್ಲೀತನಕ ನಮ್ಮೂರ ಪ್ಲೇಟು ಕೇಳೂಣು" ಎಂದು ಮಾವ ಕೀಲಿ ತಿರುವಿದ. ಹೊಸ ಮುಳ್ಳು ಸಿಕ್ಕಿಸಿದ. ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಒಂದು ಎಂಬುದು ಅವನ ಮನೆಯ ಕಾಯಿದೆ. ಕಂದೀಲಿನ ಬೆಳಕಿನಲ್ಲಿ ಪ್ಲೇಟು ತಿರುಗಿತು. ಚರಚರ ಸದ್ದಿನ ಹಿಂದಿನಿಂದ ಒಂದು ಎಳೆಯ ದನಿ ಎದ್ದಿತು. ತೆಳ್ಳಗೆ, ಎತ್ತರಕ್ಕೆ, ಚೂಪಾಗಿ. ಯಾವ ರಾಗವೆಂದು ತಿಳಿಯುವ ವಯಸ್ಸು ನನ್ನದಲ್ಲ. ಕೇಳುತ್ತಿದ್ದಂತೆ ಮುಗಿದೇಹೋಯಿತು.

"ಪಾಪ, ಸಣ್ಣ ಹುಡುಗಿ ಇರಬೇಕು" ಎಂದಳು ಅತ್ತೆ.

ಮೂಲೆಯಲ್ಲಿದ್ದ ಪೇಟಿ ಮಾಸ್ತರು ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಕಂದೀಲು ಹತ್ತಿರ ತರಿಸಿ ನನ್ನಿಂದ ಹೆಸರು ಓದಿಸಿದರು. ಆಮೇಲೆ ನಕ್ಕರು. "ಏ ತಮ್ಮಾ, ಇಷ್ಟು ದಿನಾ ಇದನ್ನ ಮಂಚದ ಬುಡಕ ಇಟ್ಟೀಯಲ್ಲೋ! ಇವರೇ ಗಂಗೂಬಾಯಿ. ರೇಡಿಯೋದಾಗ ಯಾರ ದಾರಿ ಕಾಯಾಕತ್ತೀಯೋ, ಅವರೇ."

ಯಾರೂ ನಂಬಲಿಲ್ಲ. ಭಟ್ಟರಂತೂ, "ಎಂಥದು ಮಾರಾಯ್ರೇ, ಗಂಗೂಬಾಯಿಯ ಸ್ವರ ನಾನು ಕೇಳಿದ್ದೇನೆ. ಗಂಡಸರ ಸ್ವರದ ಹಾಗೆ ಇರ್ತದೆ. ಇದು ಅದಾಗ್ಲಿಕ್ಕೆ ಸಾಧ್ಯವೇ ಇಲ್ಲ" ಎಂದುಬಿಟ್ಟರು. ಮಾವನಿಗೂ ಅನುಮಾನವೇ. ಆದರೆ ಮಾಸ್ತರರ ಮಾತು ತೆಗೆದುಹಾಕುವ ಧೈರ್ಯ ಅವನಿಗಿಲ್ಲ.

ರೇಡಿಯೋ ಶುರುವಾಯಿತು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೆಸರು ಹೇಳಿದರು. ತಂಬೂರಿಯ ನಾದ ತುಂಬಿಕೊಂಡ ಮೇಲೆ ಆ ದನಿ ಬಂತು. ಅಗಲವಾದ, ಗಟ್ಟಿಮುಟ್ಟಾದ, ನೆಲಕ್ಕೆ ಕಾಲೂರಿ ನಿಂತ ದನಿ. ಹಿಂದಿನಿಂದ ಮಗಳು ಕೃಷ್ಣಾ ಅವರ ಮೆದು ದನಿಯ ಸಾಥ್. ಶೇಗಡಿಯ ಕೆಂಡ ಬೂದಿಯಾಗುವವರೆಗೆ ಯಾರೂ ಏಳಲಿಲ್ಲ. ಒಂದು ಸ್ವರದಿಂದ ಮುಂದಿನದಕ್ಕೆ ಹೋಗಲು ಅವರಿಗೆ ಅವಸರವೇ ಇಲ್ಲ. ಇದ್ದಲ್ಲೇ ಇದ್ದು, ಅದರ ಸತ್ವವನ್ನೆಲ್ಲ ತೆಗೆದು, ಆಮೇಲೆ ಹೆಜ್ಜೆ ಎತ್ತುತ್ತಿದ್ದರು. ಕಿರಾನಾ ಘರಾಣೆಯ ಬಢತ್ ಎಂದರೆ ಇದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

ಕಾರ್ಯಕ್ರಮ ಮುಗಿದಾಗ ಭಟ್ಟರು ಗೆದ್ದವರಂತೆ ಮಾಸ್ತರರ ಮುಖ ನೋಡಿದರು. ಮಾಸ್ತರರು ಮಾತಾಡದೆ ಮಾವನಿಗೆ ಕೈಸನ್ನೆ ಮಾಡಿದರು. ಮತ್ತೆ ಅದೇ ಪ್ಲೇಟು. "ಗಂಟಲು ಕೇಳಬ್ಯಾಡ್ರಿ. ಸ್ವರಕ್ಕ ಹೆಂಗ ಬರತಾರ ಅದನ್ನ ಕೇಳ್ರಿ" ಎಂದರು.

ಈಗ ನಾವು ಬೇರೆಯೇ ಕಿವಿಯಿಂದ ಕೇಳಿದೆವು. ಆ ಎಳೆಯ ದನಿಯೂ ಸ್ವರವನ್ನು ನೇರವಾಗಿ, ಅಳುಕಿಲ್ಲದೆ ಹಿಡಿಯುತ್ತಿತ್ತು. ಮೂರು ನಿಮಿಷದ ಇಕ್ಕಟ್ಟಿನಲ್ಲೂ ಒಂದೆಡೆ ನಿಂತು ಉಸಿರು ಹಿಗ್ಗಿಸಿತು. "ಹೌದ್ರೀ ಮಾಸ್ತರ, ಅವರೇ!" ಎಂದು ಮಾವ ಕೂಗಿದ ಕೂಗಿಗೆ ಪಕ್ಕದ ಖೋಲಿಯವರು ಬಾಗಿಲು ತಟ್ಟಿದರು. ಭಟ್ಟರು ಒಪ್ಪಿದರೋ ಇಲ್ಲವೋ ಹೇಳಲಾರೆ. ಮೂರನೆಯ ಸಲ ಹಾಕಿ ಎಂದವರು ಮಾತ್ರ ಅವರೇ.

ಆಮೇಲೆ ಮಾಸ್ತರರು ಬಿಡಿಸಿ ಹೇಳಿದ್ದು, ಮುಂದೆ ನಾನು ಓದಿ ಕೇಳಿ ತಿಳಿದದ್ದು, ಎರಡನ್ನೂ ಕೂಡಿಸಿ ಹೇಳುತ್ತೇನೆ.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯುವಾಗ ತನ್ನ ಪದ್ಧತಿಯ ನೆರಳು ಬೀಳಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದಳು. 1932ರಲ್ಲಿ ತೀರಿಕೊಂಡಳು. ಆ ಹೊತ್ತಿಗೇ ಇತ್ತ ಮುಂಬಯಿಯಲ್ಲಿ ಎಚ್‌ಎಂವಿ ಕಂಪನಿ ಈ ಹುಡುಗಿಯ ಹಾಡನ್ನು ಮುದ್ರಿಸಿಕೊಳ್ಳತೊಡಗಿತ್ತು. ಪ್ಲೇಟಿನ ಮೇಲೆ ಹೆಸರು 'ಗಾಂಧಾರಿ' ಎಂದಾಯಿತು. ಸವಾಯಿ ಗಂಧರ್ವರ ಬಳಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಟ್ಟುನಿಟ್ಟಾದ ತಾಲೀಮು ನಡೆದದ್ದು 1938ರ ನಂತರ. ಅಂದರೆ ಮೊದಮೊದಲ ಆ ಪ್ಲೇಟುಗಳಲ್ಲಿರುವುದು ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿ ಇಂಥವರಿಂದ ಕಲಿತು, ದೊಡ್ಡ ಗುರುವಿನ ದೀರ್ಘ ಪಾಠ ಇನ್ನೂ ಸಿಗದಿದ್ದ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು. ಆಮೇಲೆ ಗಂಟಲಿನ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಗಿ ದನಿ ಇಳಿಯಿತು, ದಪ್ಪವಾಯಿತು. ಬೇರೆಯವರಾಗಿದ್ದರೆ ಹಾಡು ಬಿಡುತ್ತಿದ್ದರು. ಇವರು ಆ ದನಿಯನ್ನೇ ಪಳಗಿಸಿ ದೇಶಕ್ಕೆ ಕೇಳಿಸಿದರು. ನನ್ನ ಮಟ್ಟಿಗೆ ಕನ್ನಡ ನಾಡಿನ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಸಾಹಸವಿಲ್ಲ. ಆ ಸಾಹಸದ ಹಿಂದಿನ ದನಿ ಹೇಗಿತ್ತೆಂದು ಕೇಳಬೇಕಾದರೆ ಗಾಂಧಾರಿಯ ಪ್ಲೇಟೇ ಗತಿ.

ಆ ಕಾಲದ ಮುದ್ರಣ ಸುಲಭದ್ದಲ್ಲ. ಹತ್ತು ಅಂಗುಲದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಹಿಡಿಸುವುದು ಮೂರು ಚಿಲ್ಲರೆ ನಿಮಿಷ. ಗಂಟೆಗಟ್ಟಲೆ ಹಾಡುವ ಖ್ಯಾಲನ್ನು ಅಷ್ಟರಲ್ಲಿ ಕಟ್ಟಿ, ಬಿಚ್ಚಿ, ಮುಗಿಸಬೇಕು. ಮೈಕಿನ ಮುಂದೆ ಹಾಡಿದ್ದು ಮೇಣದ ದಪ್ಪ ಬಿಲ್ಲೆಯ ಮೇಲೆ ಗೆರೆಯಾಗಿ ಕೊರೆದುಕೊಳ್ಳುತ್ತಿತ್ತು. ಚೆನ್ನಾಗಿ ಬಂತೇ ಎಂದು ಹಾಕಿ ಕೇಳುವಂತಿಲ್ಲ, ಕೇಳಿದರೆ ಮೇಣ ಕೆಡುತ್ತದೆ. ಆ ಮೇಣಕ್ಕೆ ಲೋಹದ ಲೇಪ ಕೊಟ್ಟು ಅಚ್ಚು ತೆಗೆದು, ಅರಗು, ಕಲ್ಲಿನ ಪುಡಿ, ಕಾಡಿಗೆ ಬೆರೆಸಿದ ಬಿಸಿ ಮುದ್ದೆಯ ಮೇಲೆ ಒತ್ತಿದರೆ ಪ್ಲೇಟು. ಕಂಪನಿಯ ಪ್ಲೇಟು ಒತ್ತುವ ಕಾರ್ಖಾನೆ ಇದ್ದದ್ದು ಕಲ್ಕತ್ತೆಯ ಡಂಡಂನಲ್ಲಿ. ಹುಬ್ಬಳ್ಳಿಯ ದನಿ ಹೀಗೆ ದೇಶ ಸುತ್ತಿ ಮತ್ತೆ ಹುಬ್ಬಳ್ಳಿಯ ಅಂಗಡಿಗೆ ಬರುತ್ತಿತ್ತು. ನಮ್ಮ ಚಾಳಿಗೆ ಕೂಗಳತೆಯ ವಡಾಲಾದಲ್ಲೂ ಸ್ವದೇಶಿ ಕಂಪನಿಯೊಂದು 1935ರಿಂದ 'ಯಂಗ್ ಇಂಡಿಯಾ' ಹೆಸರಿನ ಪ್ಲೇಟು ಒತ್ತುತ್ತಿತ್ತು. ಮಾವನ ಗಂಟಿನಲ್ಲಿ ಅವೂ ಇದ್ದವು.

ಮಾಸ್ತರರು ಆ ರಾತ್ರಿ ಹೇಳಿದ ಇನ್ನೊಂದು ಮಾತು ನನ್ನಲ್ಲಿ ಉಳಿದಿದೆ. 1902ರಲ್ಲಿ ಗೈಸ್‌ಬರ್ಗ್ ಎಂಬ ಸಾಹೇಬ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡು ಮುದ್ರಿಸಿಕೊಂಡಾಗ, ಹಾಡು ಮುಗಿದ ಕೂಡಲೆ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಪರದೇಶದಲ್ಲಿ ಪ್ಲೇಟು ಒತ್ತುವವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂಬುದಕ್ಕೆ ಆ ಪದ್ಧತಿ. "ಆಕಿ ಹೆಸರು ಆಕಿ ದನಿಯೊಳಗೇ ಉಳೀತು. ನಮ್ಮ ಹುಡಿಗೀದು ಕಾಗದದ ಮ್ಯಾಲೆ ಉಳೀತು, ಅದೂ ಬ್ಯಾರೇ ಹೆಸರು" ಎಂದರು ಮಾಸ್ತರರು.

ನಮ್ಮ ಕಡೆಯ ಎಷ್ಟು ಜನ ಹೀಗೆ ಪ್ಲೇಟಿನ ಗೆರೆಯೊಳಗೆ ಸೇರಿಕೊಂಡರು! ಮನಸೂರಿನ ಮಲ್ಲಿಕಾರ್ಜುನರು ಮೂವತ್ತರ ದಶಕದಲ್ಲಿ ಎಚ್‌ಎಂವಿಗೆ ಹಾಡಿದರು, ಆ ಕಂಪನಿಗೆ ಸಂಗೀತ ನಿರ್ದೇಶಕರೂ ಆಗಿದ್ದರು. ಬೀಳಗಿಯ ಅಮೀರ್‌ಬಾಯಿ ಮುಂಬಯಿಗೆ ಬಂದು ಹೆಸರಿನ ಮುಂದೆಯೇ 'ಕರ್ನಾಟಕಿ' ಎಂದು ನಾಡನ್ನು ಹೊತ್ತು ಮೆರೆದರು. ಗದಗಿನ ಭೀಮಸೇನ ಜೋಶಿಯವರ ಮೊದಲ ಪ್ಲೇಟುಗಳು ಹೊರಟಾಗ ಅವರಿನ್ನೂ ಇಪ್ಪತ್ತರ ಹರೆಯದವರು. ಅವುಗಳಲ್ಲಿ ಕನ್ನಡದ ಭಕ್ತಿಗೀತೆಗಳೂ ಇದ್ದವು. ಗಾಂಧಾರಿಯ ಜೊತೆ ಮರಾಠಿ ಯುಗಳಗೀತೆ ಹಾಡಿದ ಜಿ. ಎನ್. ಜೋಶಿ ಮುಂದೆ 1938ರಲ್ಲಿ ಎಚ್‌ಎಂವಿ ಸೇರಿ, ಬಡೇ ಗುಲಾಂ ಅಲಿ ಖಾನ್, ಅಮೀರ್ ಖಾನ್, ಕುಮಾರ ಗಂಧರ್ವರಂಥವರನ್ನು ಒಲಿಸಿ ಸ್ಟುಡಿಯೋಗೆ ಕರೆತಂದರು. 1967ರ 'ಕಾಲ್ ಆಫ್ ದ ವ್ಯಾಲಿ' ಎಂಬ ಎಲ್‌ಪಿ ಅವರ ಮುತುವರ್ಜಿಯದೇ. ಹಾಡುಗಾರರಾಗಿದ್ದವರೇ ಗಾಜಿನ ಆಚೆ ಕೂತದ್ದರಿಂದ ಆ ಮುದ್ರಣಗಳಲ್ಲಿ ಕಲಾವಿದರ ಮೇಲಿನ ಮರ್ಯಾದೆ ಕೇಳಿಸುತ್ತದೆ ಎಂದು ನನಗೆ ಅನಿಸುತ್ತದೆ.

1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಭೋಂಗಾ ನಿಂತಿತು. ಮಾವ ಒಂದು ವರ್ಷ ಕಾದು, ಅತ್ತೆಯ ಬಳೆ ಅಡವಿಟ್ಟು, ಕಡೆಗೆ ಊರಿಗೆ ಹೊರಟ. ಗ್ರಾಮೋಫೋನನ್ನು ಬಾಡಿಗೆ ಬಾಕಿಗೆ ಬಿಟ್ಟ. ಪ್ಲೇಟುಗಳನ್ನು ಹಾಸಿಗೆಯಲ್ಲಿ ಸುತ್ತಿ ಲಾರಿಗೆ ಹಾಕಿದ. ಹುಬ್ಬಳ್ಳಿಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಒಡೆದಿದ್ದವು. ಗಾಂಧಾರಿಯೂ ಉಳಿಯಲಿಲ್ಲ. ತುಂಡುಗಳನ್ನು ಅವನು ಬಹಳ ದಿನ ಇಟ್ಟುಕೊಂಡಿದ್ದ. ಪೇಟಿ ಮಾಸ್ತರರು ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಗಂಗೂಬಾಯಿಯವರು 2009ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ನಿಧನರಾದರು. ಅವರ ಹಳೆಯ ಪ್ಲೇಟುಗಳಲ್ಲಿ ಹಲವು ಇಂದು ಕೇಳಲು ಸಿಗುತ್ತಿದ್ದರೆ ಅದು ಮನೆಮನೆಯಲ್ಲಿ ಅವನ್ನು ಜೋಪಾನ ಮಾಡಿದ ಸಂಗ್ರಾಹಕರ ಪುಣ್ಯ. ಮುಂಬಯಿಯಲ್ಲಿ 1990ರಲ್ಲಿ ಇಂಥವರೇ ಸೇರಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಕಟ್ಟಿದರು. ಸುರೇಶ್ ಚಾಂದವಣಕರ್ ಅವರಂಥವರು ಅದಕ್ಕಾಗಿ ವರ್ಷಾನುಗಟ್ಟಲೆ ದುಡಿದಿದ್ದಾರೆ. ಬೆಂಗಳೂರಿನಲ್ಲಿ ವಿಕ್ರಂ ಸಂಪತ್ ಆರಂಭಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೇ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿದೆ.

ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಇಂಥ ಪ್ಲೇಟು ಇದ್ದರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ಧೂಳಾಗಿದೆಯೆಂದು ಸ್ಪಿರಿಟ್ ಹಚ್ಚಿ ಒರೆಸಲೇಬೇಡಿ, ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ. ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಸಾಕು, ನಡುವಿನ ಕಾಗದಕ್ಕೆ ನೀರು ತಾಗದಿರಲಿ. ಆ ಕಾಗದದ ಮೇಲಿನ ಹೆಸರು, ಊರು, ನಂಬರು ಬರೆದಿಟ್ಟುಕೊಂಡು ಸಂಗ್ರಾಹಕರಿಗೆ ತಿಳಿಸಿ. ಹೆಸರು ಗೊತ್ತಿಲ್ಲದ್ದು ಎಂದು ಬಿಡಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಇದು ಯಾರ ದನಿ ಎಂದು ಕೇಳಿ, ಅವರು ಇರುವಾಗಲೇ ಕೇಳಿ.