ಕಾಕಾನ ಯೆಜ್ಡಿಗೆ ಗಿರಾಕಿ ಬಂದಾಗ

ಹೋದ ತಿಂಗಳು ಬೆಂಗಳೂರಿನಿಂದ ಒಬ್ಬರು ನಮ್ಮ ದನದ ಕೊಟ್ಟಿಗೆ ಹುಡುಕಿಕೊಂಡು ಬಂದಿದ್ದರು. ಬೈಲಹೊಂಗಲ ತಾಲ್ಲೂಕಿನ ನಮ್ಮ ಊರಿಗೆ ಎತ್ತು ಕೊಳ್ಳುವವರು ಬರುತ್ತಾರೆ, ಎಮ್ಮೆ ಕೊಳ್ಳುವವರು ಬರುತ್ತಾರೆ. ಇವರು ಬಂದದ್ದು ಹೊಟ್ಟಿನ ಚೀಲಗಳ ಸಂದಿಯಲ್ಲಿ ನಿಂತಿದ್ದ ಕಾಕಾನ ಯೆಜ್ಡಿ ರೋಡ್‌ಕಿಂಗ್ ಸಲುವಾಗಿ. ಟ್ಯಾಂಕಿನ ಮೇಲೆ ಕುಂತಿದ್ದ ಕೋಳಿ ಓಡಿಸಿ, ಎಂಜಿನ್ ನಂಬರು ಒರೆಸಿ ಫೋಟೊ ಹೊಡೆದುಕೊಂಡರು. 'ಒಂದು ಲಕ್ಷ ಹತ್ತು ಸಾವಿರ ಕೊಡ್ತೀನಿ' ಅಂದರು. ಕಾಕಾ ಏನೂ ಅನ್ನಲಿಲ್ಲ. ಕೋಳಿ ತಿರುಗಿ ಬಂದು ಅಲ್ಲೇ ಕುಂತಿತು.

ಅಣ್ಣನ ಮಗನಿಗೆ ಹದಿನೇಳು ವರ್ಷ, ಪಿಯುಸಿ ಎರಡನೇ ವರ್ಷ. ರಾತ್ರಿ ಮಲಗುವ ತನಕ ಮೊಬೈಲಿನಲ್ಲಿ ಅಮೆರಿಕದ ಹಳೇ ಕಾರುಗಳನ್ನೇ ನೋಡುತ್ತಾನೆ. 'ಇವಕ್ಕ ಮಸಲ್ ಕಾರ್ ಅಂತಾರ ಕಾಕಾ. ನಮ್ಮ ಕಡೆ ಹಿಂತಾವು ಇರ್ಲಿಲ್ಲೇನ?' ಎಂದು ಕೇಳಿದ. 'ನಮ್ಮ ಕೊಟ್ಟಿಗ್ಯಾಗ ಕೋಳಿ ಕುಂತಿರೂದು ಮತ್ತೇನದು?' ಅಂದೆವು. ಅವನು ನಕ್ಕ. ನಾವು ನಗೆಚಾಟಿಗೆ ಹೇಳಿರಲಿಲ್ಲ.

ಮಸಲ್ ಅಂದರೆ ರಟ್ಟೆ. ರಟ್ಟೆ ಬಲದ ಕಾರು ಅನ್ನೋಣ. 1964ರಲ್ಲಿ ಜನರಲ್ ಮೋಟರ್ಸ್‌ನ ಪಾಂಟಿಯಾಕ್ ವಿಭಾಗದ ಎಂಜಿನಿಯರುಗಳು ಒಂದು ಕಿತಾಪತಿ ಮಾಡಿದರು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂಡಿಸಬಾರದು ಅಂತ ಕಂಪನಿಯದೇ ನಿಯಮವಿತ್ತು. ಜಾನ್ ಡಿಲೋರಿಯನ್ ಮತ್ತು ಅವರ ತಂಡ 6.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ನನ್ನು ಹೊಸ ಕಾರು ಎಂದು ಕರೆಯದೆ, ಇದ್ದ ಕಾರಿಗೆ ಗಿರಾಕಿ ಬೇಕಾದರೆ ಹಾಕಿಸಿಕೊಳ್ಳುವ ಹೆಚ್ಚುವರಿ ಸಾಮಾನು ಅಂತ ಮಾರಿದರು. ಅದೇ ಜಿಟಿಒ. ಮೊದಲ ವರ್ಷ 5 ಸಾವಿರ ಹೋದರೆ ಸಾಕು ಅಂದುಕೊಂಡಿದ್ದರು, 32 ಸಾವಿರ ಮೇಲೆ ಹೋದವು. 1968ರಲ್ಲಿ ಪ್ಲಿಮತ್ ಕಂಪನಿ ರೋಡ್ ರನ್ನರ್ ತಂದಿತು. ಒಳಗೆ ನೆಲಹಾಸು ಸಹ ಇಲ್ಲದ, 3 ಸಾವಿರ ಡಾಲರಿನೊಳಗೆ ಸಿಗುವ ಗಾಡಿ. ಅಲಂಕಾರ ಬಿಟ್ಟು ಎಂಜಿನ್ನಿಗಷ್ಟೇ ರೊಕ್ಕ ಹಾಕಿದ್ದರು. ಕಾರ್ಖಾನೆಯಲ್ಲಿ ದುಡಿಯುವ ಹುಡುಗ ಕೂಡ ಕೊಳ್ಳಬಹುದಿತ್ತು ಅನ್ನುವುದೇ ಈ ಕಾರುಗಳ ದೊಡ್ಡ ಸುದ್ದಿ.

ನಮ್ಮ ರಾಜ್ಯದ ರಟ್ಟೆ ಗಾಡಿ ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕ್ ದೇಶದ ಜಾವಾ ಮೋಟರ್‌ಸೈಕಲ್ಲುಗಳನ್ನು ಇಲ್ಲೇ ತಯಾರಿಸತೊಡಗಿತು. 1973ರ ಹೊತ್ತಿಗೆ ಗಾಡಿಯ ಹೆಸರು ಯೆಜ್ಡಿ ಆಯಿತು. 1978ಕ್ಕೆ ರೋಡ್‌ಕಿಂಗ್ ಬಂತು. 250 ಸಿಸಿ, 16 ಅಶ್ವಶಕ್ತಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯಲಿಕ್ಕೂ ಗೇರ್ ಬದಲಿಸಲಿಕ್ಕೂ ಎಡಗಡೆ ಒಂದೇ ಲಿವರ್. ಗೊತ್ತಿಲ್ಲದವ ಗಾಡಿ ಕದ್ದರೂ ಚಾಲೂ ಮಾಡಲಾರ ಅಂತ ಕಾಕಾ ಈಗಲೂ ಹೇಳುತ್ತಾನೆ. ಇದಕ್ಕಿಂತ ಜೋರಾದ ರಾಜದೂತ್ 350 ಆಗ ಬಂದಿತ್ತು, 100 ಸಿಸಿಯ ಆರ್‌ಎಕ್ಸ್ ಕೂಡ ಓಟದಲ್ಲಿ ಯೆಜ್ಡಿಗೆ ನೀರು ಕುಡಿಸುತ್ತಿತ್ತು. ಇರಲಿ. ಅವ್ಯಾವೂ ನಮ್ಮ ಎರಿ ಹೊಲದ ದಾರಿಯಲ್ಲಿ ಇದರಷ್ಟು ದುಡಿದದ್ದನ್ನು ನಾವು ನೋಡಿಲ್ಲ.

ಕಾಕಾ ಅದನ್ನು ಕೊಂಡದ್ದು 1984ರಲ್ಲಿ, ಹತ್ತಿ ಮಾರಿದ ರೊಕ್ಕದಲ್ಲಿ. ನಾವು ತಿಳಿವಳಿಕೆ ಬಂದಾಗಿನಿಂದ ನೋಡಿದ್ದು ಅದನ್ನೇ. ಬನದ ಹುಣ್ಣಿಮೆಗೆ ಹೋಳಿಗೆ ಬುಟ್ಟಿ ಸಮೇತ ನಾಲ್ಕು ಜೀವ ಅದರ ಮೇಲೆ ಸವದತ್ತಿ ಎಲ್ಲಮ್ಮನ ಗುಡ್ಡ ಹತ್ತಿವೆ. ರಾಮದುರ್ಗಕ್ಕೆ ಕೊಟ್ಟ ಅತ್ತಿಯ ಸೀಮಂತದ ಸಾಮಾನು ಅದರ ಮೇಲೇ ಹೋದದ್ದು. ಮಳೆಗಾಲದಲ್ಲಿ ಎರಿ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಡಿ ಕಂಬದಂತೆ ನಿಂತುಬಿಡುತ್ತಿತ್ತು. ಆಗ ನಮ್ಮ ಕೆಲಸ ಜಾಲಿ ಕಟ್ಟಿಗೆಯಿಂದ ಮಣ್ಣು ಕೆದರುವುದು. ಹತ್ತು ಮಾರು ಹೋದರೆ ಮತ್ತೆ ಕೆದರುವುದು. ಸಂಜೆ ಹಳ್ಳದ ಆಚೆ ದಂಡೆಗೆ ಢಬಢಬ ಕೇಳಿಸಿದರೆ ಅವ್ವ ಒಲೆ ಮೇಲೆ ಚಹಾಕ್ಕೆ ಇಡುತ್ತಿದ್ದಳು. ಗಾಡಿ ಅಂಗಳಕ್ಕೆ ಬರುವಷ್ಟರಲ್ಲಿ ಚಹಾ ಕುದ್ದಿರುತ್ತಿತ್ತು.

ಈ ಎಂಜಿನ್ ಟು-ಸ್ಟ್ರೋಕ್. ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು ಸಲ ಇಂಧನ ಉರಿಯುತ್ತದೆ. ಫೋರ್-ಸ್ಟ್ರೋಕಿನಲ್ಲಿ ಅದು ಎರಡು ಸಲ ಹೋಗಿ ಬಂದರೆ ಒಮ್ಮೆ. ಹೀಗಾಗಿ ಟು-ಸ್ಟ್ರೋಕಿಗೆ ಎಳೆತ ಹೆಚ್ಚು, ಬಿಡಿಭಾಗ ಕಡಿಮೆ, ರಿಪೇರಿ ಹಗುರ. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಆ ಆಯಿಲ್ಲೂ ಉರಿದು ನೀಲಿ ಹೊಗೆಯಾಗುತ್ತದೆ. ಉರಿಯದ ಪೆಟ್ರೋಲ್ ಸ್ವಲ್ಪ ಹಾಗೇ ಹೊರಗೆ ಹೋಗುತ್ತದೆ. ನಮ್ಮದು ಲೀಟರಿಗೆ 30 ಕಿಲೊಮೀಟರ್ ಕೊಟ್ಟರೆ ಆ ದಿನ ಹಬ್ಬ.

ಎರಡೂ ಕಡೆ ಸಾವು ಬಂದ ದಾರಿ ಸುಮಾರು ಒಂದೇ. ಅಮೆರಿಕದಲ್ಲಿ ಮೊದಲು ಎಚ್ಚೆತ್ತದ್ದು ವಿಮೆ ಕಂಪನಿಗಳು. ಹರೆಯದ ಹುಡುಗರು, ದೊಡ್ಡ ಎಂಜಿನ್ನು, ಅಪಘಾತ ಎಲ್ಲ ಲೆಕ್ಕ ಹಾಕಿ ಕಂತು ಏರಿಸಿದವು. 1970ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು, 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ನಮ್ಮಲ್ಲಿ 1985ರಲ್ಲಿ ಫೋರ್-ಸ್ಟ್ರೋಕಿನ ಹೀರೊ ಹೋಂಡಾ ಬಂದು ಮೈಲೇಜ್ ಅನ್ನುವ ಮಾತು ಕಲಿಸಿತು. 1996ಕ್ಕೆ ಹೊಗೆಯ ನಿಯಮ ಬಿಗಿಯಾಯಿತು. ಅದೇ ವರ್ಷ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು, ಆರ್‌ಎಕ್ಸ್ 100 ಕೂಡ ನಿಂತಿತು.

ನಿಂತ ಮೇಲೆ ಬೆಲೆ ಬಂತು. 1971ರ ಒಂದು ಹೆಮಿ ಕುಡಾ ಕಾರು 2014ರಲ್ಲಿ 35 ಲಕ್ಷ ಡಾಲರಿಗೆ ಹರಾಜಾಯಿತು. ಯೆಜ್ಡಿ ಹೆಸರಿನಲ್ಲಿ 2022ರಿಂದ ಹೊಸ ಗಾಡಿಗಳೂ ಬಂದಿವೆ. ದುಡಿಯುವ ಹುಡುಗನ ಗಾಡಿ ಈಗ ಉಳ್ಳವರ ಮನೆಯ ಮುಂದಿನ ಶೋಕಿ. ಬೆಂಗಳೂರಿನವರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಒರೆಸುತ್ತಾರೆ, ನಾವು ಕೋಳಿ ಕೂಡಿಸಿದ್ದೇವೆ.

ನಮಗೆ ಚಿಂತೆ ಬೇರೆ. ಹುಡುಗ ಯಾರದೋ ಹಳೇ ಟು-ಸ್ಟ್ರೋಕ್ ಗಾಡಿ ಇಸಿದುಕೊಂಡು, ಲೈಸೆನ್ಸ್ ಇಲ್ಲದೆ ಕಿತ್ತೂರು ಹೆದ್ದಾರಿಗೆ ಹೋಗಿ ಬಂದಿದ್ದು ಗೊತ್ತಾಯಿತು. ಸೈಲೆನ್ಸರಿನ ಒಳಗಿನ ಜಾಳಿಗೆ ಕಿತ್ತು ಹಾಕಿದ ಗಾಡಿಯದು. ಅವನ ವಿಡಿಯೊದಲ್ಲಿ ಮುಳ್ಳು 90 ದಾಟಿತ್ತು.

ಎರಡು ವರ್ಷದ ಹಿಂದೆ ಅಂಥದೇ ಒಂದು ಗಾಡಿ, ಅಷ್ಟೇ ವಯಸ್ಸಿನ ಹುಡುಗನ ಸುದ್ದಿ ಬರೆದಿದ್ದೆವು. 'ಬೈಕ್ ಉರುಳಿ ಯುವಕ ಸಾವು', ಮೂರು ಸಾಲು. ಠಾಣೆಯ ಅಂಗಳದಲ್ಲಿ ಗಾಡಿ ಅಡ್ಡ ಬಿದ್ದಿತ್ತು. ಅವನ ಅಪ್ಪ ಪಕ್ಕದ ಕಟ್ಟೆ ಮೇಲೆ ಕುಂತು, 'ಈ ಸಪ್ಪಳಾ ಕೇಳಿದ್ರ ಮಗಾ ಮನೀಗೆ ಬಂದಾ ಅಂತ ಗೊತ್ತಾಗತಿತ್ರಿ' ಅಂದರು. ಮೂರು ಸಾಲಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆ ರಾತ್ರಿ ಮನೆಗೆ ಬಂದು ಊಟ ಮಾಡಲಿಲ್ಲ ಅಂತ ಅವ್ವ ಬೈದಿದ್ದು ನೆನಪಿದೆ. ಯಾಕೆಂದು ಹೇಳಿರಲಿಲ್ಲ.

ಈ ಸಲ ಹುಡುಗನಿಗೆ ಅದನ್ನು ಹೇಳಿದೆವು. ಅವನು ತಲೆ ಕೆಳಗೆ ಹಾಕಿ ಕೇಳಿದ. ತಿಳಿಯಿತೋ ಇಲ್ಲವೋ ಹೇಳಲಾರೆವು, ಹದಿನೇಳರಲ್ಲಿ ನಮಗೂ ಹೇಳಿದವರಿದ್ದರು.

ಕಾಕಾ ಮಾತ್ರ ಬೈಯಲಿಲ್ಲ. ಮರುದಿನ ನಸುಕಿನಲ್ಲಿ ಅವನನ್ನು ಎಬ್ಬಿಸಿ ಕೊಟ್ಟಿಗೆಗೆ ಕರೆದೊಯ್ದ. 'ಮೊದಲ ಬಿಚ್ಚೂದು ಕಲಿ, ಹೊಡಿಯೂದು ಹದಿನೆಂಟು ಆಗಿ ಲೈಸೆನ್ಸ್ ಬಂದ ಮ್ಯಾಲೆ' ಅಂದ. ನಾಲ್ಕು ಭಾನುವಾರ ಅಜ್ಜ ಮೊಮ್ಮಗ ಸೇರಿ ಕಾರ್ಬೋರೇಟರ್ ಸೀಮೆಎಣ್ಣೆಯಲ್ಲಿ ತೊಳೆದರು, ಪ್ಲಗ್ ಬದಲಿಸಿದರು. ಎರಡು ಸೈಲೆನ್ಸರಿನ ಜಾಳಿಗೆಗಳನ್ನೂ ಹೊರಗೆ ತೆಗೆದು ಇಂಗಾಲ ಸುಟ್ಟು, ತಿರುಗಿ ಅಲ್ಲೇ ಕೂಡಿಸಿದರು. ಹುಡುಗ ಬೇಡ ಅನ್ನಲಿಲ್ಲ.

ಹೋದ ಭಾನುವಾರ ಸಂಜೆ ಹದಿನಾಲ್ಕನೇ ಕಿಕ್ಕಿಗೆ ಗಾಡಿ ಚಾಲೂ ಆಯಿತು. ಕೊಟ್ಟಿಗೆ ತುಂಬ ನೀಲಿ ಹೊಗೆ, ಆಕಳು ಹಗ್ಗ ಜಗ್ಗಾಡಿತು. ನಾವು ಕೆಮ್ಮುತ್ತ ಒಳಗೆ ಬಂದರೆ ಅವ್ವ ಚಹಾಕ್ಕೆ ಇಟ್ಟಿದ್ದಳು.

ಬೆಂಗಳೂರಿನವರು ಎರಡು ಸಲ ಫೋನ್ ಮಾಡಿದ್ದಾರೆ. ಹುಡುಗನಿಗೆ ಎಂಜಿನಿಯರಿಂಗ್ ಸೇರಬೇಕೆಂದಿದೆ, ಫೀಗೆ ಒಂದು ಲಕ್ಷ ಎಲ್ಲಿಂದಲಾದರೂ ಆಗಲೇಬೇಕು. ಈ ವರ್ಷ ಹತ್ತಿಗೂ ಸರಿಯಾಗಿ ರೊಕ್ಕ ಬಂದಿಲ್ಲ. ಕಾಕಾ ನಿನ್ನೆ ನಮ್ಮ ಹತ್ತಿರ ಬಂದು, ಬೆಳಗಾವಿಗೆ ಹೋದಾಗ ಕ್ಲಚ್ ಪ್ಲೇಟ್ ಸಿಗುತ್ತಾವೇನು ನೋಡು ಅಂದ. ಆಮೇಲೆ, ಅವರ ನಂಬರೂ ಅಳಿಸಬ್ಯಾಡ ಇರಲಿ ಅಂದ.