ಎಫ್‌ಎಫ್ ಬಂದರೆ ಅಲ್ಲಿ ಯಾರೂ ಇಲ್ಲ

"ಸಿಸ್‌ಎಫ್‌ಎಸ್ ಇಲ್ದೇ ಇದ್ದಾಗ ಯಾವ ಕಾರ್ಡ್ ಎಲ್ಲಿದೆ, ಎದ್ದಿದೆಯೋ ಮಲಗಿದೆಯೋ ಅಂತ ಕರ್ನಲ್‌ಗೆ ಹೇಗೆ ಗೊತ್ತಾಗ್ತಿತ್ತು ಸಾರ್?" ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು.

ಎಷ್ಟೋ ಸಲ ಗೊತ್ತಾಗುತ್ತಲೇ ಇರಲಿಲ್ಲ. ಗೊತ್ತಿರುತ್ತಿದ್ದುದು ಮೇಷ್ಟ್ರಿಗೆ.

ಲಿನಕ್ಸ್ 2.4ರ ಕಾಲ. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಸದಾ ಬೆಸುಗೆಯ ರಾಳದ ಹೊಗೆ; ಆ ವಾಸನೆ ಅಂಗಿಗಂಟಿ ಮನೆತನಕ ಬರುತ್ತಿತ್ತು. ತಂಡದ ಹಿರಿಯರನ್ನು ಮೇಷ್ಟ್ರೇ ಎನ್ನುತ್ತಿದ್ದೆವು. ಎಸ್.ಪಿ. ರೋಡಿನಲ್ಲಿ ಹಳೆಯ ಎನ್‌ಇ2000 ನೆಟ್‌ವರ್ಕ್ ಕಾರ್ಡು ಕೊಳ್ಳುವಾಗ ಅವರ ಚೌಕಾಸಿ ದುಡ್ಡಿಗಲ್ಲ. "ನೀನು ಹೇಳಿದಷ್ಟೇ ತಗೊಳ್ಳಪ್ಪ, ಜಂಪರ್ ಮಾತ್ರ ಹಾಕಿಕೊಡು." ಆ ಪುಟ್ಟ ತುಂಡಿಲ್ಲದೆ ಇಂಟರಪ್ಟ್ 5ಕ್ಕೋ 10ಕ್ಕೋ ಎಂದು ನಿಗದಿ ಮಾಡುವಂತಿರಲಿಲ್ಲ. ಕಾರ್ಡು ಕೂರಿಸಿದ ಮೇಲೆ ಅದರ ಪೋರ್ಟ್ ಓದಿಸುತ್ತಿದ್ದರು. "ಎಫ್‌ಎಫ್ ಬಂದರೆ ಅಲ್ಲಿ ಯಾರೂ ಇಲ್ಲ" ಎಂಬುದು ಅವರ ಮಾತು. ಉತ್ತರಿಸುವವರಿಲ್ಲದ ಬಸ್ಸನ್ನು ಓದಿದರೆ ಎಲ್ಲ ಬಿಟ್ಟೂ ಒಂದೇ ಬರುತ್ತದೆ.

ಆ ಕಾಲವೇ ಚೆಂದ ಎಂದರೆ ಸುಳ್ಳಾದೀತು. ಪ್ರತಿ ಡ್ರೈವರೂ ತನ್ನ ಲೆಕ್ಕ ತಾನೇ ಇಡಬೇಕಿತ್ತು. ಮಾಡ್ಯೂಲಿನ ಬಳಕೆಯ ಎಣಿಕೆಯನ್ನು ಏರಿಸಿ ಇಳಿಸುವುದನ್ನೂ ಡ್ರೈವರ್ ಬರೆದವರೇ ನೆನಪಿಡಬೇಕು; ಒಂದು ಇಳಿಕೆ ತಪ್ಪಿದರೆ ರೀಬೂಟ್ ಮಾಡುವತನಕ ಆ ಮಾಡ್ಯೂಲನ್ನು ತೆಗೆಯಲಾಗದು. ಮಲಗಿಸಿದ ಲ್ಯಾಪ್‌ಟಾಪ್ ಏಳುವುದು ದೇವರ ದಯೆ.

2003ರ ಡಿಸೆಂಬರಿನಲ್ಲಿ 2.6 ಬಂತು. ಪ್ಯಾಟ್ರಿಕ್ ಮೋಚೆಲ್ ಮುಂದಾಗಿ ಕಟ್ಟಿದ ಮಾದರಿಯಲ್ಲಿ ಸಾಧನಗಳೆಲ್ಲ ಒಂದೇ ಮರಕ್ಕೆ ಸೇರಿದವು: ಮಲಗುವಾಗ ಮಕ್ಕಳು ಮೊದಲು, ಏಳುವಾಗ ತಾಯಿ ಮೊದಲು. 2009ರ 2.6.32ರಲ್ಲಿ ರಫಾಯೆಲ್ ವಿಸೋಟ್ಸ್ಕಿಯವರ ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ಬಂದ ಮೇಲೆ, ಯಂತ್ರ ನಡೆಯುತ್ತಿರುವಾಗಲೇ ಕೆಲಸವಿಲ್ಲದ ಸಾಧನವನ್ನು ಮಲಗಿಸುವುದೂ ಕರ್ನಲ್ಲಿನ ಪಾಲಿಗೆ ಬಂತು. ಅವರಿಬ್ಬರ ಋಣ ದೊಡ್ಡದು.

ಆದರೆ ಈಗಿನವರು ಸಿಸ್‌ಎಫ್‌ಎಸ್‌ನ ಕಡತದಲ್ಲಿ 'ಸಸ್ಪೆಂಡೆಡ್' ಎಂದು ಓದಿ ಎದ್ದುಬಿಡುತ್ತಾರೆ. ಡ್ರೈವರ್ ಸೊನ್ನೆ ಮರಳಿಸಿದರೆ ಸಾಕು, ಸಾಧನ ಮಲಗಿತೆಂದು ಕರ್ನಲ್ ಬರೆದುಕೊಳ್ಳುತ್ತದೆ. ಚಿಪ್ ನಿಜಕ್ಕೂ ಮಲಗಿತೇ, ಕರೆಂಟು ಇಳಿಯಿತೇ ಎಂದು ಮೀಟರ್ ಹಿಡಿದು ನೋಡುವವರು ಯಾರು? ಬೋರ್ಡು ಇನ್ಯಾವುದೋ ಊರಿನ ಲ್ಯಾಬಿನಲ್ಲಿದೆ. ಈ ಮಕ್ಕಳು ಅದನ್ನು ಮುಟ್ಟಿಯೇ ಇಲ್ಲ. ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾದರೆ ದೂರು ಬಳಕೆದಾರನ ಮೇಲೆ.

ಇವತ್ತಿಗೂ ವಿದ್ಯುತ್ ಕಡಿದ ಪಿಸಿಐ ಸಾಧನವನ್ನು ಓದಿದರೆ ಎಲ್ಲ ಬಿಟ್ಟೂ ಒಂದೇ ಬರುತ್ತದೆ. ಮೇಷ್ಟ್ರ ಪಾಠ ಹಳತಾಗಿಲ್ಲ. ಮರ ಕಟ್ಟಿದವರು ನಮ್ಮ ತಲೆಯಿಂದ ಇಳಿಸಿದ್ದು ನೆನಪಿಡುವ ಹೊರೆಯನ್ನು ಮಾತ್ರ. ಪರೀಕ್ಷಿಸಿ ನೋಡುವ ಕೆಲಸವನ್ನು ಬಿಟ್ಟುಬಿಡಿ ಎಂದು ಅವರೇನೂ ಹೇಳಿರಲಿಲ್ಲ.