ಹಳೇಬೀಡಿನಲ್ಲಿ ಒಂದು ಸಂಜೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಶಿಖರವಿಲ್ಲ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1121ರ ಸುಮಾರಿಗೆ ಕೇತಮಲ್ಲನೆಂಬ ಅಧಿಕಾರಿಯ ಹೊಣೆಯಲ್ಲಿ ಆರಂಭವಾದ ಈ ಗುಡಿಯ ಕೆಲಸ ದಶಕಗಳ ಕಾಲ ನಡೆದರೂ ಪೂರ್ಣಗೊಳ್ಳಲಿಲ್ಲವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದರೂ ನಕ್ಷತ್ರಾಕಾರದ ಜಗತಿಯ ಮೇಲೆ ನಿಂತವರಿಗೆ ಮೊದಲು ಕಾಣುವುದು ಕೊರತೆಯಲ್ಲ, ಆನೆಗಳ ಸಾಲು. ಅಪೂರ್ಣವಾದುದು ಆನಂದವನ್ನು ನೀಡಲಾರದೆಂಬ ಎಣಿಕೆಯನ್ನು ಈ ಗುಡಿ ಶತಮಾನಗಳಿಂದ ಸುಳ್ಳು ಮಾಡುತ್ತ ಬಂದಿದೆ.

ಈ ಭಿತ್ತಿಯನ್ನು ಮೂವತ್ತು ವರ್ಷ ತರಗತಿಯಲ್ಲಿ ವರ್ಣಿಸಿದ್ದ ಮೈಸೂರಿನ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿಗೆ ಗ್ಲಾಕೋಮಾದಿಂದ ದೃಷ್ಟಿ ಮಂದವಾಗತೊಡಗಿತ್ತು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದುದನ್ನು ಕಾಪಾಡಿಕೊಳ್ಳಬಹುದಷ್ಟೆ ಎಂದು ವೈದ್ಯರು ತಿಳಿಸಿದ್ದರು. ತಂದೆ ಇನ್ನೊಮ್ಮೆ ಎಲ್ಲವನ್ನೂ ಕಣ್ತುಂಬ ನೋಡಬೇಕೆಂಬ ಹಂಬಲದಿಂದ ಮಗ ದಸರಾ ರಜೆಯಲ್ಲಿ ಇಡೀ ಕುಟುಂಬವನ್ನು ಹೊರಡಿಸಿದ. ಬೆಳಗ್ಗೆ ಬೇಲೂರು, ಮಧ್ಯಾಹ್ನ ಹನ್ನೆರಡಕ್ಕೆ ಹಳೇಬೀಡು, ಸಂಜೆ ಚಿಕ್ಕಮಗಳೂರು ಎಂದು ಕಾಗದದಲ್ಲಿ ಬರೆದೂ ಇಟ್ಟಿದ್ದ. ಹಂಬಲ ದೊಡ್ಡದಾದಷ್ಟೂ ವೇಳಾಪಟ್ಟಿ ಬಿಗಿಯಾಗಿತ್ತು.

ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್. ನಡುದಾರಿಯಲ್ಲಿ ಕಾರಿನ ಚಕ್ರ ಪಂಕ್ಚರ್ ಆಯಿತು, ಸ್ಟೆಪ್ನಿಯಲ್ಲಿಯೂ ಗಾಳಿಯಿರಲಿಲ್ಲ. ಚಕ್ರವನ್ನು ಆಟೋದಲ್ಲಿ ಹಾಕಿಕೊಂಡು ಹೋದ ಮಗ ಮರಳುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಅಷ್ಟು ಹೊತ್ತೂ ಉಳಿದವರು ಹುಣಸೆಮರದ ಕೆಳಗೆ ಕುಳಿತಿದ್ದರು. ಪುಳಿಯೋಗರೆಯ ಡಬ್ಬಿ ಬಂದಿತ್ತು, ತಟ್ಟೆಗಳ ಚೀಲ ಮನೆಯಲ್ಲೇ ಉಳಿದಿತ್ತು. ಡಬ್ಬಿಗಳ ಮುಚ್ಚಳದಲ್ಲಿ ಕೆಲವರು, ಅಂಗೈಯಲ್ಲಿ ಕೆಲವರು ಉಂಡರು. ಎಂಟು ವರ್ಷದ ಮೊಮ್ಮಗಳು ಒಗಟು ಹೇಳಿದಳು, ಅಜ್ಜಿ ಬೇಕೆಂದೇ ತಪ್ಪು ಉತ್ತರ ಕೊಟ್ಟರು. ಬೆವರುತ್ತ ಬಂದ ಮಗ ಈ ನಗುವನ್ನು ಕಂಡು ಇನ್ನಷ್ಟು ಸಿಡುಕಿದ.

ಹಳೇಬೀಡು ತಲುಪಿದಾಗ ನಾಲ್ಕೂವರೆ. ಮೋಡ ಕವಿದು ಬೆಳಕು ಕುಗ್ಗಿತ್ತು. ಅಧ್ಯಾಪಕರು ಭಿತ್ತಿಯ ಮುಂದೆ ಬಹಳ ಹೊತ್ತು ನಿಂತರು. "ಗೋಡೆ ಕಾಣುತ್ತಿದೆ. ಗೋಡೆಯ ಮೇಲಿರೋದು ಕಾಣುತ್ತಿಲ್ಲ" ಎಂದರು. ಹನ್ನೆರಡಕ್ಕೆ ಬಂದಿದ್ದರೆ ಕಾಣುತ್ತಿತ್ತೇನೋ ಎಂಬ ಮಾತನ್ನು ಯಾರೂ ಆಡಲಿಲ್ಲ. ಮಗ ಮುಖ ತಿರುಗಿಸಿಕೊಂಡ.

"ನಾನು ಹೇಳ್ತೀನಿ ತಾತ" ಎಂದು ಮೊಮ್ಮಗಳು ಅವರ ಕೈ ಹಿಡಿದಳು. ತಳದಲ್ಲಿ ಆನೆ, ಒಂದರ ಸೊಂಡಿಲು ಮುರಿದಿದೆ. ಅದರ ಮೇಲೆ ಸಿಂಹ. ಆಮೇಲೆ ಬಳ್ಳಿ, ಕುದುರೆ ಸವಾರರು. ಹೀಗೆ ಸಾಗಿ ಒಂದು ಸಾಲಿನ ಬಳಿ ಅವಳು ತಡೆದಳು. "ಇದೇನೋ ಗೊತ್ತಿಲ್ಲ. ಬಾಯಿ ಮೊಸಳೇದು, ಮೂತಿ ಮಾತ್ರ ಸೊಂಡಿಲಿನ ಹಾಗೆ ಸುತ್ತಿಕೊಂಡಿದೆ. ಬಾಲ ನವಿಲಿಂದು. ಅದಕ್ಕೆ ಸಿಟ್ಟು ಬಂದಿದೆ, ಆದರೆ ನೋಡಿದರೆ ನಗು ಬರುತ್ತೆ."

'ಮಕರ' ಎಂಬ ಪದ ಅವರ ನಾಲಗೆಯ ತುದಿಗೆ ಬಂದು ನಿಂತಿತು. ಮೂವತ್ತು ವರ್ಷ ಆ ಒಂದು ಪದವನ್ನು ಹೇಳಿ ಮುಂದಿನ ಸಾಲಿಗೆ ಹೋದವರು ಅವರು; ವಿದ್ಯಾರ್ಥಿಗಳೂ ಅದನ್ನು ಬರೆದುಕೊಂಡು ಮುಂದಿನ ಸಾಲಿಗೆ ಹೋದರು. ಆ ಪ್ರಾಣಿಗೆ ಸಿಟ್ಟು ಬಂದಿರುವುದನ್ನು ಅವರಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಪದವನ್ನು ನುಂಗಿಕೊಂಡು, "ಇನ್ನೊಂದು ಸಲ ಹೇಳು" ಎಂದರು. ಮೇಲಿನ ಸಾಲಿನ ಹಂಸಗಳನ್ನು ಅವಳು ಬಾತುಕೋಳಿಗಳೆಂದಳು. ಅದನ್ನೂ ಅವರು ತಿದ್ದಲಿಲ್ಲ. ಗುಡಿಯ ಒಂದು ಪಾರ್ಶ್ವ ಮುಗಿಯುವ ಮೊದಲೇ ಕಾವಲುಗಾರನ ಸೀಟಿ ಕೇಳಿಸಿತು.

"ಬಸ್ತಿಹಳ್ಳಿಯ ಬಸದಿಯೂ ತಪ್ಪಿಹೋಯಿತು ಅಪ್ಪ, ಏನೂ ಸರಿಯಾಗಿ ಆಗಲಿಲ್ಲ" ಎಂದ ಮಗ, ಕಾರಿನಲ್ಲಿ. ಅಧ್ಯಾಪಕರು ಕಾಣದ ಆ ಪಾರ್ಶ್ವನಾಥ ಬಸದಿಯ ಶಾಸನವನ್ನು ನೆನಪಿನಿಂದಲೇ ವಿವರಿಸಿದರು. ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ತಂದೆಯ ಸ್ಮರಣೆಗಾಗಿ ಅದನ್ನು ಕಟ್ಟಿಸಿದ. ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದಾಗ ಅರಸ ಯುದ್ಧ ಗೆದ್ದಿದ್ದ. ಅವನಿಗೆ ಮಗನೂ ಹುಟ್ಟಿದ್ದ. ಆ ಹರ್ಷದಲ್ಲಿ ಅವನು ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ.

"ಬೊಪ್ಪ ಮುಹೂರ್ತ ಇಟ್ಟದ್ದು ಪ್ರತಿಷ್ಠೆಗೆ ಮಾತ್ರ. ಗೆಲುವು, ಮಗುವಿನ ಹುಟ್ಟು ಅವನ ಲೆಕ್ಕದಲ್ಲಿರಲಿಲ್ಲ, ಬಸದಿಗೆ ಹೆಸರು ಬಂದದ್ದು ಅವುಗಳಿಂದ" ಎಂದರು. ಸ್ವಲ್ಪ ತಡೆದು, "ಅವನು ತಂದೆಯ ನೆನಪಿಗೆ ಕಟ್ಟಿಸಿದ. ನೀನು ತಂದೆಯನ್ನೇ ಕರೆದುಕೊಂಡು ಬಂದೆ" ಎಂದರು. ಮಗ ಉತ್ತರಿಸಲಿಲ್ಲ. ಆದರೆ ಚಿಕ್ಕಮಗಳೂರಿನ ದಾರಿಯಲ್ಲಿ ಚಹಾದಂಗಡಿ ಕಂಡಾಗ, ವೇಳಾಪಟ್ಟಿಯಲ್ಲಿ ಇಲ್ಲದಿದ್ದರೂ, ಕಾರು ನಿಲ್ಲಿಸಿದ.

ಅಧ್ಯಾಪಕರ ದೃಷ್ಟಿ ಈಗ ಇನ್ನಷ್ಟು ಕುಂದಿದೆ. ಶಿಲ್ಪದ ಚಿತ್ರ ಹಿಡಿದು ಸಂಶಯ ಕೇಳಲು ಸಂಶೋಧನ ವಿದ್ಯಾರ್ಥಿಗಳು ಮನೆಗೆ ಬರುತ್ತಾರೆ. "ಇದು ಮಕರವೇ ಸರ್?" ಎಂದು ಕೇಳಿದವರಿಗೆ ಅವರು ತಕ್ಷಣ ಉತ್ತರ ಕೊಡುವುದಿಲ್ಲ.

"ಹೆಸರು ಆಮೇಲೆ. ಮೊದಲು ಏನು ಕಾಣುತ್ತೆ ಹೇಳಿ" ಎನ್ನುತ್ತಾರೆ.